ನನಗೊಂದು ಕೋವಿ ಲೈಸನ್ಸು

ಕೋವಿ ಹಿಡಿಯುವುದಕ್ಕೂ ಒಂದು ಮುಖ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರು ಬರಿಗೈಯಲ್ಲಿ ಬಸ್ಸಿಗೆ ಕಾಯುತ್ತಿದ್ದರೂ ಹೆಗಲ ಮೇಲೆ ಕೋವಿ ಇದ್ದ ಹಾಗೆ ಕಾಣುತ್ತಾರೆ. ಇನ್ನು ಕೆಲವರು ನಿಜವಾದ ಕೋವಿಯನ್ನೇ ಹಿಡಿದು ನಿಂತರೂ, ಯಾರೋ ಚಪ್ಪಲಿಯ ಬಾರು ಸರಿಮಾಡಿಕೊಳ್ಳುವಾಗ "ಸ್ವಲ್ಪ ಇದನ್ನು ಹಿಡ್ಕೊ" ಎಂದು ಕೊಟ್ಟುಹೋದ ಹಾಗೆ ಕಾಣುತ್ತದೆ. ನಾನು ಈ ಎರಡನೆಯ ಗುಂಪಿನವನು. ಇದಕ್ಕೆ ಸಾಕ್ಷಿಯೂ ಉಂಟು. ಪಣಂಬೂರು ಬೀಚಿನಲ್ಲಿ ಬಲೂನಿಗೆ ಗುಂಡು ಹೊಡೆಯುವ ಅಂಗಡಿಗೆ ಒಮ್ಮೆ ಬಹಳ ಠೀವಿಯಿಂದ ಹೋಗಿದ್ದೆ. ಹಲಗೆಯ ತುಂಬ ಬಲೂನು, ಒಂದಕ್ಕೊಂದು ಅಂಟಿಕೊಂಡು, ಕಣ್ಣು ಮುಚ್ಚಿ ಹೊಡೆದರೂ ಒಂದಾದರೂ ಒಡೆಯಲೇಬೇಕಾದ ವ್ಯವಸ್ಥೆ. ನಾನು ಕಣ್ಣು ಬಿಟ್ಟು ಹೊಡೆದೆ, ಅದೇ ತಪ್ಪಾಯಿತೋ ಏನೋ. ಕೊನೆಗೆ ಅಂಗಡಿಯವನಿಗೇ ಕರುಣೆ ಬಂದು, ತಾನೇ ಒಂದು ಬಲೂನನ್ನು ಉಗುರಿನಿಂದ ಚುಚ್ಚಿ ಒಡೆದು, "ನಿಮ್ಮ ಗುಂಡಿನದೇ ಗಾಳಿ ತಾಗಿ ಒಡೆದದ್ದು" ಎಂದು ಹೇಳಿ ಒಂದು ಬಾಚಣಿಗೆ ಬಹುಮಾನ ಕೊಟ್ಟ. ಆ ತಿಂಗಳು ನಾನು ತಲೆ ಬೋಳಿಸಿಕೊಂಡಿದ್ದೆ.

ಇಂಥ ಮನುಷ್ಯ ಕೋವಿ ಲೈಸನ್ಸಿಗೆ ಅರ್ಜಿ ಹಾಕಲು ಯಾಕೆ ಹೊರಟ ಎಂದು ನೀವು ಕೇಳಬಹುದು. ಅದಕ್ಕೆ ನನ್ನ ಉದ್ಯೋಗ ಕಾರಣ. ಬೆಳ್ತಂಗಡಿಯಿಂದ ಘಟ್ಟದ ಕಡೆಗೆ ಹೋದರೆ ರಸ್ತೆ ಮುಗಿದು ಕಾಡು ಶುರುವಾಗುವಲ್ಲಿ ಅರಣ್ಯ ಇಲಾಖೆಯ ಒಂದು ಗೇಟು ಉಂಟು. ಅಲ್ಲಿಂದ ಮೇಲೆ ಚಾರಣಕ್ಕೆ ಹೋಗುವವರು ಊರಿನ ಒಬ್ಬ ಗೈಡನ್ನು ಕರೆದುಕೊಂಡೇ ಹೋಗಬೇಕೆಂದು ನಿಯಮ. ಆ ಗೈಡುಗಳಲ್ಲಿ ನಾನೂ ಒಬ್ಬ. ಕಾಡಿನಲ್ಲಿ ಆನೆ ಉಂಟು, ಚಿರತೆ ಉಂಟು, ಪುಸ್ತಕದವರು ಕಾಡುಕೋಣ ಎಂದೂ ನಾವು ಕಾಟಿ ಎಂದೂ ಕರೆಯುವ, ಒಂದು ಸಣ್ಣ ಲಾರಿಗೆ ಕೊಂಬು ಬಂದಂಥ ಪ್ರಾಣಿಯೂ ಉಂಟು. ಇವುಗಳನ್ನು ಎದುರಿಸಲು ಗೈಡಿನ ಬಳಿ ಇರುವ ಆಯುಧಗಳು ಒಂದು ಕೋಲು, ಒಂದು ಸೀಟಿ ಮತ್ತು ಒಂದು ಬಾಯಿ. ನಾನು ಹೆಚ್ಚಾಗಿ ಬಳಸುವುದು ಮೂರನೆಯದನ್ನು.

ಈ ಕೆಲಸ ಎಂದರೆ ನನಗೆ ಪ್ರಾಣ. ಮನೆಯಲ್ಲಿ ನಾನು ಕರೆದರೆ ಬೆಕ್ಕೂ ತಿರುಗಿ ನೋಡುವುದಿಲ್ಲ. ಆದರೆ ಗೇಟು ದಾಟಿದ ಮೇಲೆ ನೋಡಿ, ದೊಡ್ಡ ದೊಡ್ಡ ಪ್ರೊಫೆಸರುಗಳು, ಬ್ಯಾಂಕಿನ ಮ್ಯಾನೇಜರುಗಳು ನಾನು ಕಾಲಿಟ್ಟ ಕಲ್ಲಿನ ಮೇಲೆಯೇ ತಾವೂ ಕಾಲಿಡುತ್ತಾರೆ. ನಾನು ಬೆರಳೆತ್ತಿದರೆ ಇಡೀ ಗುಂಪು ಉಸಿರು ಬಿಗಿಹಿಡಿಯುತ್ತದೆ. ಒಮ್ಮೊಮ್ಮೆ ನಾನು ಮೂಗು ತುರಿಸಿಕೊಳ್ಳಲು ಬೆರಳೆತ್ತಿದರೂ ಹಾಗೆ ಮಾಡುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಅಷ್ಟೇ ಅಲ್ಲ, ಮರದ ನೆತ್ತಿಯಿಂದ ಮಂಗಟ್ಟೆ ಹಕ್ಕಿ ಹಾರಿಹೋಗುವಾಗ ಅದರ ರೆಕ್ಕೆ ಗಾಳಿ ಸೀಳುವ ಸದ್ದು ಕೇಳಿ, ದಾರಿಯುದ್ದಕ್ಕೂ ವಟಗುಟ್ಟುತ್ತಿದ್ದವರೆಲ್ಲ ತಟ್ಟನೆ ಬಾಯಿ ಮುಚ್ಚುವ ಒಂದು ಗಳಿಗೆ ಉಂಟಲ್ಲ, ಅದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೆ ಹೋಗಲಿ ಹೇಳಿ. ನಾನೂ ಬಾಯಿ ಮುಚ್ಚುವುದು ಆ ಗಳಿಗೆಯಲ್ಲಿ ಮಾತ್ರ.

ಹೀಗೆ ಸುಖವಾಗಿದ್ದವನ ಬದುಕಿಗೆ ಮಳೆಗಾಲ ಶುರುವಾಗುವ ಸ್ವಲ್ಪ ಮೊದಲು ಒಂದು ಕಾಟಿ ಬಂತು. ಆವತ್ತು ಮೂಡುಬಿದಿರೆಯ ಒಂದು ಕಾಲೇಜಿನ ಮಕ್ಕಳ ಗುಂಪು ನನ್ನ ಜೊತೆ ಇತ್ತು. ಮೂಡುಬಿದಿರೆಯ ಕಾಲೇಜು ಎಂದ ಮೇಲೆ ಕೇಳಬೇಕೇ, ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯವೇ ಬೂಟು ಹಾಕಿಕೊಂಡು ಬಂದಿತ್ತು. ಗೇಟಿನ ಬಳಿ ನಾನು ಎಂದಿನಂತೆ ನನ್ನ ಭಾಷಣ ಮಾಡಿದೆ. ಈ ಭಾಷಣದಲ್ಲಿ ನನ್ನನ್ನು ಮೀರಿಸುವವರಿಲ್ಲ. "ಕಾಟಿ ಎದುರಾದರೆ ಓಡಬಾರದು. ಕೂಗಬಾರದು. ನಿಂತಲ್ಲೇ ನಿಲ್ಲಬೇಕು. ಅದರ ಕಣ್ಣಿಗೆ ಕಣ್ಣು ಕೊಡಬಾರದು. ಓಡಿದವನು ಕೆಟ್ಟ" ಎಂದು, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಹೇಳಿದೆ. ಕೆಲವು ಮಕ್ಕಳು ಬರೆದುಕೊಂಡರು.

ದಾರಿಯ ಒಂದು ತಿರುವಿನಲ್ಲಿ ಕಾಟಿ ನಿಂತಿತ್ತು. ಸುಮ್ಮನೆ ನಿಂತಿತ್ತು, ಏನೋ ಅಗಿಯುತ್ತಿತ್ತು. ನನ್ನ ಮೆದುಳು "ನಿಲ್ಲು" ಎಂದು ಸ್ಪಷ್ಟವಾಗಿಯೇ ಹೇಳಿತು. ಆದರೆ ಗೇಟಿನ ಬಳಿಯ ಭಾಷಣಕ್ಕೆ ನನ್ನ ಕಾಲುಗಳು ಹಾಜರಾಗಿರಲಿಲ್ಲ ಎಂದು ಕಾಣುತ್ತದೆ. ಅವು ಓಡಿದವು. ಅವುಗಳ ಮೇಲೆ ನಾನು ಇದ್ದುದರಿಂದ ನಾನೂ ಹೋದೆ. ಕೋಲು ಒಂದು ಕಡೆ, ಟೊಪ್ಪಿ ಒಂದು ಕಡೆ. ಕಣ್ಣು ಬಿಟ್ಟು ನೋಡುವಾಗ ನಾನು ಒಂದು ಮರದ ಮೇಲಿದ್ದೆ. ಆ ಮರದಲ್ಲಿ ಕೆಂಪಿರುವೆಯ ಗೂಡು ಉಂಟು, ಯಾರೂ ಮುಟ್ಟಬೇಡಿ ಎಂದು ನಾನು ವರ್ಷವಿಡೀ ಎಲ್ಲರಿಗೂ ತೋರಿಸುವ ಮರ ಅದು. ಕೆಳಗೆ ಆ ಮಕ್ಕಳು, ನಾನು ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಪಾಲಿಸಿ, ಬಸದಿಯ ಕಂಬಗಳ ಹಾಗೆ ನಿಂತಿದ್ದರು. ಕಾಟಿ ಅವರನ್ನು ನೋಡಿತು, ಏನೂ ಅನ್ನಿಸಲಿಲ್ಲ. ಆಮೇಲೆ ಮರದ ಮೇಲೆ ಕುಣಿಯುತ್ತಿದ್ದ ನನ್ನನ್ನು ಬಹಳ ಹೊತ್ತು ನೋಡಿತು. ಬಾಯಿಯಲ್ಲಿದ್ದುದನ್ನು ಅಗಿದು ಮುಗಿಸಿ, ಇನ್ನು ಇಲ್ಲಿ ನೋಡಲು ಏನೂ ಇಲ್ಲ ಎಂಬಂತೆ ಪೊದೆಯೊಳಗೆ ಇಳಿದುಹೋಯಿತು. ಹಾವೇರಿ ಕಡೆಯ ಒಬ್ಬಳು ಹುಡುಗಿ ಮೊಬೈಲು ಕೆಳಗಿಳಿಸಿ, "ಅಣ್ಣಾರ, ಹೋತ್ರೀ ಅದು. ಇನ್ನ ಇಳೀರಿ" ಎಂದು ಬಹಳ ಗೌರವದಿಂದ ಹೇಳಿದಳು. ಅವಳ ಮೊಬೈಲು ಅಷ್ಟು ಹೊತ್ತೂ ಮೇಲೆಯೇ ಇತ್ತು ಎಂಬುದು ನನಗೆ ಆಗ ಹೊಳೆಯಿತು.

ವಿಡಿಯೋ ನನಗಿಂತ ವೇಗವಾಗಿ ಗುಡ್ಡ ಇಳಿಯಿತು. ಅದು ಮೊದಲು ಮಸ್ಕತ್ತಿನಲ್ಲಿರುವ ಅಪ್ಪನಿಗೆ ಹೋಗಿ, ಅಲ್ಲಿಂದ "ಇದು ನಮ್ಮವನಾ ನೋಡು" ಎಂಬ ಪ್ರಶ್ನೆಯೊಂದಿಗೆ ಅಮ್ಮನಿಗೆ ಬಂದು, ನಾನು ಮನೆಗೆ ತಲುಪುವಾಗ ಅಮ್ಮ ಅದನ್ನು ಮತ್ತೆ ಮತ್ತೆ ನೋಡಿ ಕಂಠಪಾಠ ಮಾಡಿಯಾಗಿತ್ತು. ಇರುವೆ ಕಚ್ಚಿದಲ್ಲಿಗೆ ಅಮ್ಮ ತೆಂಗಿನೆಣ್ಣೆ ಹಚ್ಚಿದಳು. ಬೈಯಲಿಲ್ಲ. ಅಮ್ಮ ಬೈದರೆ ನನಗೆ ಹೆದರಿಕೆ ಇಲ್ಲ, ಬೈಯದಿದ್ದರೆ ಮುಗಿಯಿತು. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಕೋವಿಗೆ ನಾವು ಹೇಳುವ 'ಬೆಡಿ' ಎಂಬ ಮಾತನ್ನು ಹಾಗೆಯೇ ಬಿಡುತ್ತೇನೆ, ಯಾಕೆಂದರೆ ಅಮ್ಮನ ಬಾಯಿಯಲ್ಲಿ ಅದು ಕೇಳುವಾಗಲೇ ಒಂದು ಸುತ್ತು ಹಾರಿದ ಹಾಗೆ ಇರುತ್ತದೆ.

"ನೋಡು ಮಗ," ಎಂದಳು ಅಮ್ಮ. "ಬೆಡಿ ಇಲ್ಲದೆ ಇನ್ನು ಕಾಡಿಗೆ ಹೋಗ್ಲಿಕ್ಕಿಲ್ಲ. ಫಾರೆಸ್ಟಿನವರ ಹತ್ತಿರ ಬೆಡಿ ಉಂಟು. ನಿನ್ನ ಹತ್ತಿರ ಎಂತ ಉಂಟು? ಪೀಪಿ."

"ಅದು ಪೀಪಿ ಅಲ್ಲಮ್ಮ, ಸೀಟಿ."

"ಕಾಟಿಗೆ ಎರಡೂ ಒಂದೇ. ಮಳೆ ಮುಗಿದು ಕಾಡಿನ ಗೇಟು ತೆಗೆಯುವುದರ ಒಳಗೆ ಲೈಸನ್ಸ್ ಮಾಡ್ಸು. ಆಗದಿದ್ರೆ ಮೂಡುಬಿದಿರೆಗೆ ಹೋಗು. ರಾಜೀವ ಹೇಗೂ ಕೇಳ್ತಾ ಇದ್ದಾನೆ."

ರಾಜೀವ ಎಂದರೆ ಅಮ್ಮನ ತಮ್ಮ, ನನ್ನ ಮಾವ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಹೋಟೆಲು. ಕ್ಯಾಶ್ ಕೌಂಟರಿನಲ್ಲಿ ಕೂರಲು ನಂಬಿಕೆಯ ಜನ ಬೇಕೆಂದು ಅವನು ನನ್ನ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. ಒಂದು ಮೇಜು, ಮೇಲೆ ಸೋಂಪಿನ ತಟ್ಟೆ, ಹಿಂದೆ ಒಂದು ಕ್ಯಾಲೆಂಡರು, ನೆತ್ತಿಯ ಮೇಲೆ ಗರಗರ ಎನ್ನುವ ಫ್ಯಾನು. ಅಲ್ಲಿ ಹಾರಿಹೋಗುವುದು ನೊಣ ಮಾತ್ರ. ಫೋನಿನಲ್ಲಿ ಮಾವ ನನ್ನನ್ನು ಸಮಾಧಾನ ಮಾಡಿದ, "ಅಳಿಯಾ, ಇಲ್ಲಿಗೆ ಕಾಟಿ ಬರುವುದಿಲ್ಲ. ಬಂದರೂ ಬಿಲ್ಲು ಕೊಟ್ಟೇ ಹೋಗಬೇಕು." ಕೋವಿಯ ವಿಷಯದಲ್ಲಿಯೂ ಮಾವ ಉದಾರಿ. ಮೊದಲು ನಮ್ಮ ತೋಟವನ್ನು ನೋಡಿಕೊಳ್ಳುತ್ತಿದ್ದುದು ಅವನೇ, ಹಂದಿ ಓಡಿಸಲೆಂದು ಬೆಳೆ ರಕ್ಷಣೆಯ ಲೈಸನ್ಸಿನಲ್ಲಿ ಅವನ ಹೆಸರಿಗೆ ಒಂದು ಒಂಟಿ ನಳಿಗೆಯ ಕೋವಿ ಇತ್ತು. ಹೋಟೆಲಿನಲ್ಲಿ ಹಂದಿಯ ಕಾಟ ಇಲ್ಲದ್ದರಿಂದ ಅದನ್ನು ಯಾರಿಗಾದರೂ ದಾಟಿಸಿದರೆ ಸಾಕಾಗಿತ್ತು ಅವನಿಗೆ. "ತೆಗೊ, ಬೇಕಾದ್ರೆ ನಿನ್ನ ಹೆಸರಿಗೆ ಮಾಡ್ಸು. ಆದರೆ ಅದು ಈಗ ಮನೆಯಲ್ಲಿ ಇಲ್ಲ, ಠಾಣೆಯಲ್ಲಿ ಉಂಟು" ಎಂದ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಕೋವಿ ಎಂಬುದು ಹೆಸರಿಗೆ ಮಾತ್ರ ನಮ್ಮದು. ಚುನಾವಣೆ ಘೋಷಣೆಯಾಯಿತು ಎಂದರೆ ಊರಿನ ಕೋವಿಗಳೆಲ್ಲ ಗೋಣಿಚೀಲ ಸುತ್ತಿಕೊಂಡು ಠಾಣೆಗೆ ಹೋಗಿ ಠೇವಣಿಯಾಗಬೇಕು. ಲೋಕಸಭೆಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ಪಂಚಾಯತಿಗೆ ಒಮ್ಮೆ. ಎರಡು ಚುನಾವಣೆಯ ನಡುವೆ ಕೋವಿ ನಾಲ್ಕು ದಿನ ಮನೆಗೆ ಬಂದು ಹೋಗುತ್ತದೆ, ಗಲ್ಫಿನಿಂದ ರಜೆಯಲ್ಲಿ ಬರುವ ಅಪ್ಪಂದಿರ ಹಾಗೆ. ಕೋವಿ ಠಾಣೆಗೆ ಹೋದ ಸುದ್ದಿ ಹಂದಿಗಳಿಗೆ ಹೇಗೋ ಗೊತ್ತಾಗುತ್ತದೆ. ಅಭ್ಯರ್ಥಿಗಳು ಹಗಲು ಬಂದು ಕೈಮುಗಿದು ಹೋದರೆ ಹಂದಿಗಳು ಕತ್ತಲಾದ ಮೇಲೆ ಬಂದು ಗೆಣಸು ತಿಂದು ಹೋಗುತ್ತವೆ. ಕೈಮುಗಿಯದಿರುವುದರಿಂದ ಹಂದಿಗಳ ಮೇಲೆ ನಮಗೆ ಸ್ವಲ್ಪ ಹೆಚ್ಚು ನಂಬಿಕೆ.

ಇರಲಿ. ನಾನು ಮೊದಲು ಅರಣ್ಯ ಇಲಾಖೆಯವರನ್ನು ಕೇಳಿದೆ. ಅಲ್ಲಿಯ ಫಾರೆಸ್ಟರು ನನಗೆ ಪರಿಚಯದವರೇ, ವಿಡಿಯೋ ಅವರೂ ನೋಡಿದ್ದರು. ನಗು ತಡೆದುಕೊಳ್ಳಲು ಅವರು ಕಿಟಕಿಯ ಕಡೆ ತಿರುಗಿ ಮಾತಾಡಿದರು. "ಮಾರಾಯ, ಇದು ರಾಷ್ಟ್ರೀಯ ಉದ್ಯಾನ. ಒಳಗೆ ನಮ್ಮ ಗಾರ್ಡ್ ಬಿಟ್ಟು ಬೇರೆ ಯಾರೂ ಕೋವಿ ತರ್ಲಿಕ್ಕಿಲ್ಲ. ನೀನು ಲೈಸನ್ಸ್ ಮಾಡಿಸಿದ್ರೂ ಗೇಟಿನವರೆಗೆ ಮಾತ್ರ." ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ಬಿಟ್ಟುಬಿಡುತ್ತಿದ್ದರು. ಆದರೆ ನನ್ನ ಮೆದುಳು ಇಂಥ ಹೊತ್ತಿನಲ್ಲಿಯೇ ಚುರುಕಾಗುವುದು. ಅಮ್ಮನಿಗೆ ಬೇಕಾದದ್ದೇನು, ನಾನು ಹೆಗಲಿಗೆ ಕೋವಿ ಏರಿಸಿಕೊಂಡು ಮನೆಯಿಂದ ಹೊರಡುವುದು. ಗೇಟಿನವರೆಗೆ ಅಮ್ಮ ಬರುವುದಿಲ್ಲ. ಕೋವಿಯನ್ನು ಗೇಟಿನ ಪಕ್ಕದ ಮನೆಯಲ್ಲಿ ಕೊಡೆ ಇಟ್ಟುಹೋಗುವ ಹಾಗೆ ಇಟ್ಟುಹೋದರಾಯಿತು. ಅಮ್ಮನ ಮನಸ್ಸಿಗೂ ಸಮಾಧಾನ, ಕಾನೂನಿಗೂ ಸಮಾಧಾನ, ನನಗೂ ಕೆಲಸ. ಲೈಸನ್ಸಿನ ಕೋವಿಯನ್ನು ಹಾಗೆ ಕಂಡಲ್ಲಿ ಇಟ್ಟುಹೋದರೆ ಜೈಲಿಗೆ ಹೋಗಬೇಕಾಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ನನಗೆ ಇರುವಷ್ಟು ಧೈರ್ಯ ಗೊತ್ತಿರುವ ವಿಷಯದಲ್ಲಿ ಇರುವುದಿಲ್ಲ.

ಮರುದಿನವೇ ಮಾವನ ಲೈಸನ್ಸಿನ ಪ್ರತಿ ಹಿಡಿದುಕೊಂಡು ಬೆಳ್ತಂಗಡಿಯ ತಾಲೂಕು ಕಚೇರಿಗೆ ಹೋದೆ. ಕೋವಿ ವಿಭಾಗದ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, "ಯಾವ ಕಾರಣಕ್ಕೆ ಲೈಸನ್ಸ್?" ಎಂದು ಕೇಳಿದರು.

"ಗೈಡ್ ಕೆಲಸಕ್ಕೆ ಸಾರ್. ಕಾಡುಪ್ರಾಣಿ ಎದುರಾಗ್ತದೆ."

"ಗೈಡ್ ಕೆಲಸಕ್ಕೆ ಅಂತ ಇದರಲ್ಲಿ ಇಲ್ಲ. ಬೆಳೆ ರಕ್ಷಣೆ ಉಂಟು, ಆತ್ಮರಕ್ಷಣೆ ಉಂಟು, ಕ್ರೀಡೆ ಉಂಟು. ಯಾವುದು?"

ಕ್ರೀಡೆ ಎಂದರೆ ಪಣಂಬೂರು ನೆನಪಾಯಿತು. "ಆತ್ಮರಕ್ಷಣೆ ಹಾಕಿ ಸಾರ್" ಎಂದೆ.

"ಜೀವಬೆದರಿಕೆ ಉಂಟಾ?"

"ಉಂಟು ಸಾರ್."

"ಯಾರಿಂದ? ಹೆಸರು, ವಿಳಾಸ?"

ನಾನು ಸ್ವಲ್ಪ ಹೊತ್ತು ಯೋಚಿಸಿದೆ. "ಹೆಸರು ಗೊತ್ತಿಲ್ಲ ಸಾರ್. ಘಟ್ಟದ ಮೇಲೆ ಇರುವುದು. ಕೊಂಬು ಉಂಟು."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಒಳ್ಳೆಯವರು, ಓಡಿಸಲಿಲ್ಲ. "ನೋಡಿ, ನಿಮ್ಮ ಮಾವನ ಲೈಸನ್ಸ್ ಬೆಳೆ ರಕ್ಷಣೆಯದ್ದು. ಅದನ್ನೇ ಮುಂದುವರಿಸಿ. ತೋಟದ ಪಹಣಿ ಯಾರ ಹೆಸರಲ್ಲಿ ಉಂಟು?" ಎಂದು ಕೇಳಿದರು.

ಪಹಣಿ ಅಮ್ಮನ ಹೆಸರಲ್ಲಿ ಇತ್ತು. ನಮ್ಮ ಕುಟುಂಬದಲ್ಲಿ ಭೂಮಿ ಇಳಿದುಬರುವುದೇ ಹೆಣ್ಣುಮಕ್ಕಳ ದಾರಿಯಲ್ಲಿ. ಅಜ್ಜಿಯಿಂದ ಅಮ್ಮನಿಗೆ ಬಂದಿತ್ತು. ಮಾವ ಯಜಮಾನನ ಹಾಗೆ ಮೀಸೆ ತಿರುವಿಕೊಂಡು ತೋಟದಲ್ಲಿ ಓಡಾಡುತ್ತಿದ್ದರೂ ಕಾಗದದಲ್ಲಿ ಅವನು ಯಾರೂ ಅಲ್ಲ, ಅಮ್ಮನ ಒಪ್ಪಿಗೆಯ ಮೇಲೆ ಲೈಸನ್ಸು ಪಡೆದಿದ್ದ. ನಾನಂತೂ ಇನ್ನೂ ಯಾರೂ ಅಲ್ಲ. "ಹಾಗಾದ್ರೆ ಲೈಸನ್ಸ್ ಅಮ್ಮನ ಹೆಸರಿಗೆ ಮಾಡುವ," ಎಂದರು ಗುಮಾಸ್ತರು. "ಅವರ ಪರವಾಗಿ ಕೋವಿ ಹಿಡಿಯುವವ ಅಂತ ನಿಮ್ಮ ಹೆಸರು ಅದರಲ್ಲೇ ಸೇರಿಸ್ಲಿಕ್ಕೆ ಆಗ್ತದೆ. ಆದರೆ ಇಬ್ಬರೂ ಪೊಲೀಸರ ಕೋವಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ತರಬೇಕು."

ನನಗೆ ಸ್ವರ್ಗಕ್ಕೆ ಕೈ ತಾಗಿದ ಹಾಗಾಯಿತು. ಅಮ್ಮ ಹೆಸರಿಗೆ, ನಾನು ಹೆಗಲಿಗೆ. ಮನೆಗೆ ಬಂದು ಹೇಳಿದಾಗ ಅಮ್ಮ, "ನಾನು ಎಂತ ಪೊಲೀಸಾ, ಬೆಡಿ ಹೊಡೀಲಿಕ್ಕೆ ಕಲಿಯಲು" ಎಂದು ತೆಗೆದುಹಾಕಿದಳು. "ಸುಮ್ಮನೆ ಬಂದು ಕೂತರೆ ಸಾಕಮ್ಮ, ಹೊಡೆಯುವುದೆಲ್ಲ ನಾನು ನೋಡಿಕೊಳ್ತೇನೆ" ಎಂದು ಧೈರ್ಯ ತುಂಬಿದೆ. ಈಗ ಆ ಮಾತು ನೆನಪಾದರೆ ಒಬ್ಬನೇ ಇರುವಾಗಲೂ ಮುಖ ಮುಚ್ಚಿಕೊಳ್ಳುತ್ತೇನೆ.

ತರಬೇತಿ ನಡೆದದ್ದು ಬಂಟ್ವಾಳದ ಕಡೆ ಒಂದು ಗುಡ್ಡದ ಬುಡದಲ್ಲಿ. ಬೆಳಗ್ಗೆ ಮೊದಲನೆಯ ಬಸ್ಸಿಗೆ ಹೊರಟು, ವಾಮದಪದವಿನಲ್ಲಿ ಇಳಿದು ಚಾ ಕುಡಿದು, ಇನ್ನೊಂದು ಬಸ್ಸು ಹಿಡಿದು ಹೋಗುತ್ತಿದ್ದೆವು. ಅಮ್ಮ ಸೀರೆಯ ಕೆಳಗೆ ನನ್ನ ಹಳೆಯ ಕ್ಯಾನ್ವಾಸ್ ಶೂ ಹಾಕಿದ್ದಳು. ನಾನು ಕಪ್ಪು ಕನ್ನಡಕ ಹಾಕಿದ್ದೆ. ಅಲ್ಲಿ ರಬ್ಬರು ತೋಟದವರು, ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾಗಿ ಊರಿಗೆಲ್ಲ ಮಾವನಾಗಿದ್ದ ಒಬ್ಬರು ಶೆಣೈ ಮಾಮ್, ಹೀಗೆ ಒಂದಷ್ಟು ಜನ. ಕಲಿಸಲು ಒಬ್ಬರು ಹವಾಲ್ದಾರರು. ದೊಡ್ಡ ದೇಹ, ಸಣ್ಣ ದನಿ. ಕೋವಿ ಬಿಚ್ಚುವುದು, ಒರೆಸುವುದು, ಜೋಡಿಸುವುದು ಎಲ್ಲ ಕಲಿಸಿದರು. ನಾನು ಜೋಡಿಸಿದ ಮೇಲೆ ಯಾವಾಗಲೂ ಒಂದು ಸ್ಕ್ರೂ ಉಳಿಯುತ್ತಿತ್ತು. "ಇದು ಎಕ್ಸ್‌ಟ್ರಾ ಅಲ್ಲ, ಇದು ಅದರದ್ದೇ" ಎಂದು ಹವಾಲ್ದಾರರು ದಿನಾ ತಾಳ್ಮೆಯಿಂದ ಹೇಳುತ್ತಿದ್ದರು.

ಕೊನೆಗೆ ಗುಂಡು ಹಾರಿಸುವ ದಿನ ಬಂತು. ಸಾಲಾಗಿ ಮಲಗಿ, ಮಂಡಿನೋವಿನ ಅಮ್ಮ ಮಾತ್ರ ಒಂದು ಸ್ಟೂಲಿನ ಮೇಲೆ ಕೂತು, ಕೋವಿಯ ಹಿಡಿಯನ್ನು ಭುಜಕ್ಕೆ ಒತ್ತಿ, ದೂರದಲ್ಲಿ ನಿಲ್ಲಿಸಿದ ಕಾಗದದ ಗುರಿಗೆ ಹೊಡೆಯಬೇಕು. ನಾನು ಹೊಡೆದೆ. ಧೂಳು ಎದ್ದಿತು, ಸದ್ದು ಬಂತು, ಭುಜ ಕಳಚಿ ಬಂಟ್ವಾಳ ಪೇಟೆಗೆ ಹೋಗಿ ಬಂದ ಹಾಗಾಯಿತು. ಹವಾಲ್ದಾರರು ಗುರಿಗಳನ್ನು ನೋಡಿ ಬಂದರು. ನನ್ನ ಕಾಗದ ಅಂಗಡಿಯಿಂದ ತಂದ ಹಾಗೆಯೇ ಇತ್ತು. ಪಕ್ಕದ ಶೆಣೈ ಮಾಮ್ ಅವರ ಕಾಗದದಲ್ಲಿ ಅವರು ಹಾರಿಸಿದ ಗುಂಡಿಗಿಂತ ಜಾಸ್ತಿ ತೂತುಗಳಿದ್ದವು. "ಬ್ಯಾಂಕಿನಲ್ಲಿ ಇದ್ದವರಲ್ಲವಾ, ಬಡ್ಡಿ ಬಂದಿರಬೇಕು" ಎಂದು ಯಾರೋ ಹೇಳಿದರು. ಶೆಣೈ ಮಾಮ್ ನನ್ನ ಕಡೆಗೊಮ್ಮೆ ನೋಡಿ, "ಥ್ಯಾಂಕ್ಸ್ ಮಗ" ಎಂದರು.

ಅಮ್ಮನ ಕಾಗದದ ಮುಂದೆ ಹವಾಲ್ದಾರರು ಸ್ವಲ್ಪ ಹೆಚ್ಚು ಹೊತ್ತು ನಿಂತರು. ತೂತುಗಳೆಲ್ಲ ನಡುವಿನಲ್ಲಿ, ಶ್ಯಾವಿಗೆ ಒತ್ತುವ ಒರಳಿನ ಬಿಲ್ಲೆಯಲ್ಲಿರುವ ತೂತುಗಳ ಹಾಗೆ ಒಟ್ಟೊಟ್ಟಿಗೆ ಕೂತಿದ್ದವು. "ಅಮ್ಮಾ, ಮೊದಲು ಹೊಡೆದು ಅಭ್ಯಾಸ ಉಂಟಾ?" ಎಂದು ಕೇಳಿದರು.

"ಇಲ್ಲ ಸಾರ್. ಸೂಜಿಗೆ ನೂಲು ಹಾಕುವಾಗ ಹೀಗೇ ಅಲ್ಲವಾ, ಉಸಿರು ಹಿಡ್ಕೊಳ್ಳುವುದು" ಎಂದಳು ಅಮ್ಮ. ಅವಳಿಗೆ ಇದೊಂದು ದೊಡ್ಡ ಸಂಗತಿ ಎಂದೇ ಅನಿಸಿರಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಸಾರ್, ಒಂದು ಕೇಳ್ಲಿಕ್ಕಿತ್ತು. ಇದನ್ನು ಬಿಚ್ಚಿ, ಗುಂಡಿನ ತೋಟೆ ಹಾಕಿ, ಮುಚ್ಚಿ, ಭುಜಕ್ಕೆ ಇಟ್ಟು, ಉಸಿರು ಹಿಡಿದು, ಇಷ್ಟೆಲ್ಲ ಮಾಡುವವರೆಗೆ ಕಾಟಿ ನಿಲ್ತದಾ?"

"ಕಾಟಿಗಾ? ಕಾಟಿಗೆ ಹೊಡೀಲಿಕ್ಕೇ ಇಲ್ಲಮ್ಮ. ಹೊಡೆದ್ರೆ ಅದಕ್ಕೆ ಗಾಯ, ನಿಮಗೆ ಜೈಲು. ಗಾಯ ಆದ ಕಾಟಿ ಮತ್ತೆ ಯಾರನ್ನೂ ಬಿಡುವುದಿಲ್ಲ."

"ಹಾಗಾದ್ರೆ ಇದು ಎಂತಕ್ಕೆ?"

"ತೋಟಕ್ಕೆ ಬಂದ ಹಂದಿ ಓಡಿಸ್ಲಿಕ್ಕೆ. ಹೆಚ್ಚಾಗಿ ಸದ್ದು ಮಾಡ್ಲಿಕ್ಕೆ."

ಅಮ್ಮ ನನ್ನ ಕಡೆ ನೋಡಿದಳು. ನಾನು ಗುಡ್ಡದ ಕಡೆ ನೋಡಿದೆ. ಮಾತು ಬೇರೆ ಕಡೆ ತಿರುಗಲಿ ಎಂದು ನಾನೇ ಎದ್ದು, "ಸಾರ್, ಇನ್ನೊಮ್ಮೆ ಹೊಡೀತೇನೆ, ಈ ಸಲ ನಿಂತುಕೊಂಡು" ಎಂದೆ. ಹವಾಲ್ದಾರರು ಒಪ್ಪಿದರು, ತೋಟೆ ಕೊಟ್ಟರು. ನಾನು ಕೋವಿ ಭುಜಕ್ಕೇರಿಸಿದೆ. ಕಣ್ಣು ಕಿರಿದು ಮಾಡಿದೆ. ಬೆರಳು ಟ್ರಿಗರಿನ ಮೇಲೆ ಇಟ್ಟೆ. ಆಗ ನನಗೆ ಒಂದು ಸಂಶಯ ಬಂತು. ಸಂಶಯ ಬಂದರೆ ಗುರುಗಳನ್ನು ಕೇಳಬೇಕು ತಾನೆ. ನಾನು ಕೋವಿ ಸಮೇತ ಹಿಂದಕ್ಕೆ ತಿರುಗಿ, "ಸಾರ್, ಈಗ ಒತ್ತಬಹುದಾ?" ಎಂದು ವಿನಯದಿಂದ ಕೇಳಿದೆ.

ಕೋವಿಯ ಬಾಯಿ ಮೊದಲು ಶೆಣೈ ಮಾಮ್ ಅವರನ್ನು, ಆಮೇಲೆ ಅಂಗಡಿಯವರನ್ನು, ಆಮೇಲೆ ಅಮ್ಮನನ್ನು, ಕೊನೆಗೆ ಹವಾಲ್ದಾರರ ಹೊಟ್ಟೆಯನ್ನು ಒಂದು ಸುತ್ತು ನೋಡಿಕೊಂಡು ಬಂತು. ಅಷ್ಟು ದಿನದ ತರಬೇತಿಯಲ್ಲಿ ಒಮ್ಮೆಯೂ ಸರಿಯಾಗಿ ಸಾಲು ನಿಲ್ಲದ ಜನ, ಆ ಕ್ಷಣದಲ್ಲಿ ಒಬ್ಬರಿಗಿಂತ ಒಬ್ಬರು ಹಿಂದೆ ಬೀಳದೆ, ಒಟ್ಟಿಗೆ ನೆಲಕ್ಕೆ ಮಲಗಿದರು. ಗಣರಾಜ್ಯೋತ್ಸವದ ಪಥಸಂಚಲನದಲ್ಲಿಯೂ ಅಷ್ಟು ಶಿಸ್ತು ನಾನು ನೋಡಿಲ್ಲ. ಮಂಡಿನೋವಿನಿಂದ ಚಾಪೆಯ ಮೇಲೆ ಕೂರಲಾರದ ನನ್ನ ಅಮ್ಮ, ಇಸ್ತ್ರಿ ಸೀರೆಯಲ್ಲಿ, ಬಂಟ್ವಾಳದ ಕೆಂಪು ಮಣ್ಣಿನ ಮೇಲೆ ಮಕಾಡೆ ಮಲಗಿದ್ದಳು. ಹವಾಲ್ದಾರರು ಮಾತ್ರ ನಿಂತೇ ಇದ್ದರು. ಅವರ ಸಣ್ಣ ದನಿ ಇನ್ನೂ ಸಣ್ಣದಾಗಿ ಬಂತು, "ಮಗಾ, ಬೆರಳು ತೆಗಿ. ನಿಧಾನ. ಈಗ ಅದನ್ನು ಕೆಳಗೆ ಮಾಡು. ಈಗ ನನಗೆ ಕೊಡು." ಕೊಟ್ಟೆ. ಅವರು ತೋಟೆ ಹೊರತೆಗೆದು ಕಿಸೆಗೆ ಹಾಕಿ, ಪಕ್ಕದ ಕಲ್ಲಿನ ಮೇಲೆ ಕೂತು ನೀರು ಕುಡಿದರು. ಸುಳ್ಳು ಹೇಳುವುದಿಲ್ಲ, ಆಗ ನನಗೆ ನಗು ಬರಲಿಲ್ಲ. ಇಡೀ ದಾರಿ ಬಸ್ಸಿನಲ್ಲಿ ಅಮ್ಮ ಸೀರೆಯ ಮಣ್ಣು ಕೊಡವುತ್ತಾ ಕೂತಿದ್ದಳು.

ಸರ್ಟಿಫಿಕೇಟು ಇಬ್ಬರಿಗೂ ಬಂತು. ನನಗೆ ಕೊಡುವಾಗ ಹವಾಲ್ದಾರರು ಕಾಗದದ ತುದಿಯನ್ನು ಸ್ವಲ್ಪ ಹೊತ್ತು ಬಿಡದೆ ಹಿಡಿದುಕೊಂಡಿದ್ದರು, ಅಷ್ಟೇ. ಮಳೆ ಸುರಿಯುತ್ತಿರುವಾಗ ಪೊಲೀಸರು ಬಂದು ಅಕ್ಕಪಕ್ಕ ವಿಚಾರಿಸಿದರು, ತೋಟ ನೋಡಿದರು, ಕಾಗದಗಳು ಮೇಜಿನಿಂದ ಮೇಜಿಗೆ ನಿಧಾನ ನಡೆದವು. ಮಳೆ ಕಡಿಮೆಯಾಗಿ, ಗೇಟು ತೆರೆಯುವ ಸುದ್ದಿ ಬರುವ ಹೊತ್ತಿಗೆ ಕಚೇರಿಯಿಂದ ಕರೆ ಬಂತು. ಅಮ್ಮನೂ ನಾನೂ ಹೋದೆವು. ನಾನು ಹೊಸ ಅಂಗಿ ಹಾಕಿದ್ದೆ.

ಗುಮಾಸ್ತರು ಎಲ್ಲ ಕಾಗದ ಜೋಡಿಸಿ, ಅಮ್ಮನ ಸಹಿ ತೆಗೆದುಕೊಂಡು, "ಇನ್ನು ನಿಮ್ಮ ಪರವಾಗಿ ಕೋವಿ ಹಿಡಿಯುವವರ ಹೆಸರು. ಮಗನದ್ದು ಸೇರಿಸುವುದಲ್ಲವಾ?" ಎಂದು ಕೇಳಿದರು.

"ಬೇಡ ಸಾರ್," ಎಂದಳು ಅಮ್ಮ.

"ಬೇಡವಾ?"

"ಬೇಡ. ನಾನೇ ಹಿಡೀತೇನೆ."

ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನನಗೆ ಅಲ್ಲಿಯೇ ಫ್ಯಾನಿನ ಗರಗರ ಸದ್ದು ಕೇಳಿಸತೊಡಗಿತು, ಮೂಗಿಗೆ ಸೋಂಪಿನ ವಾಸನೆ ಬಂತು. ಲೈಸನ್ಸು ಇಲ್ಲದಿದ್ದರೆ ಹೋಟೆಲು ಎಂಬುದು ಅಮ್ಮನ ಮಾತು, ಲೈಸನ್ಸು ತಪ್ಪಿಸಿದ್ದೂ ಅಮ್ಮನೇ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಚೆನ್ನಾಗಿ ಸಿಕ್ಕಿಬಿದ್ದವನು ಬೇರೆ ಯಾರೂ ಇರಲಿಕ್ಕಿಲ್ಲ. ಹೊರಗೆ ಬಂದೆವು. ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿ ಕೂತೆವು. ನಾನು ಕಿಟಕಿಯಿಂದ ಘಟ್ಟವನ್ನೇ ನೋಡುತ್ತಿದ್ದೆ. ಮೋಡ ಸರಿದು ನೀಲಿಯಾಗಿ ಕಾಣುತ್ತಿತ್ತು, ಮೂಡುಬಿದಿರೆಯ ಹೋಟೆಲಿನ ಕೌಂಟರಿನಿಂದ ಇದು ಕಾಣುವುದಿಲ್ಲವಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

"ಯಾವಾಗ ಹೋಗ್ಬೇಕು ಮಾವನಲ್ಲಿಗೆ?" ಎಂದು ಕೊನೆಗೆ ನಾನೇ ಕೇಳಿದೆ.

"ಯಾಕೆ, ಅವನಿಗೆ ಹುಷಾರಿಲ್ಲವಾ?"

"ನೀನೇ ಹೇಳಿದ್ದಲ್ಲ. ಬೆಡಿ ಇಲ್ಲದೆ ಕಾಡಿಗೆ ಹೋಗ್ಲಿಕ್ಕಿಲ್ಲ ಅಂತ."

"ಹೇಳಿದ್ದೆ. ಆಗ ನಾನು ನಿನ್ನ ಕೈಯಲ್ಲಿ ಬೆಡಿ ನೋಡಿರಲಿಲ್ಲ." ಅಮ್ಮ ಟಿಕೇಟನ್ನು ಮಡಚಿ ಬಳೆಯೊಳಗೆ ಸಿಕ್ಕಿಸಿಕೊಂಡಳು. "ಕಾಟಿ ಎದುರು ನೀನು ಬರಿಗೈಯಲ್ಲಿ ಇದ್ದಾಗ ಮರ ಹತ್ತಿದಿ, ಇರುವೆ ಕಚ್ಚಿತು, ಮುಗೀತು. ಆ ಹೊತ್ತಿಗೆ ಕೈಯಲ್ಲಿ ಬೆಡಿ ಇದ್ದಿದ್ರೆ? ನಿನ್ನ ಹಿಂದೆ ಆ ಕಾಲೇಜಿನ ಮಕ್ಕಳು ನಿಂತಿದ್ರು. ಅವರಿಗೂ ಅಮ್ಮಂದಿರು ಇದ್ದಾರೆ ಮಾರಾಯ."

ನಾನು ಕಿಟಕಿಯಿಂದ ಮುಖ ತಿರುಗಿಸಿ, "ಹಾಗಾದ್ರೆ ಗೇಟು ತೆಗೆದ ಮೇಲೆ ಹೋಗಬಹುದಾ?" ಎಂದು ಕೇಳಿದೆ.

"ಹೋಗು. ಕೋಲು ತೆಗೊಂಡು ಹೋಗು, ಆ ಪೀಪಿಯನ್ನೂ ತೆಗೊಂಡು ಹೋಗು. ನಿನ್ನ ಬಗ್ಗೆ ನನಗೆ ಹೆದರಿಕೆ ಉಂಟು, ಇಲ್ಲ ಅಂತ ಅಲ್ಲ. ಆದರೆ ಆ ಹೆದರಿಕೆ ಅಭ್ಯಾಸ ಆಗಿದೆ. ಇದು ಹೊಸತು, ಇದು ನನ್ನಿಂದ ಆಗುವುದಿಲ್ಲ."

ಹೀಗೆ ನನ್ನ ಕೆಲಸ ಉಳಿಯಿತು. ಜನ ಯೋಗ್ಯತೆ ತೋರಿಸಿ ಕೆಲಸ ಉಳಿಸಿಕೊಳ್ಳುತ್ತಾರೆ. ಅಯೋಗ್ಯತೆಯನ್ನು ಹವಾಲ್ದಾರರ ಮುಂದೆ, ಸಾಕ್ಷಿಗಳ ಸಮಕ್ಷಮ, ಇಷ್ಟು ಸಂಪೂರ್ಣವಾಗಿ ರುಜುವಾತು ಮಾಡಿ ಕೆಲಸ ಉಳಿಸಿಕೊಂಡವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಠಾಣೆಯಿಂದ ಬಿಡಿಸಿ ತಂದ ಕೋವಿ ಈಗ ಅಮ್ಮನ ಕೋಣೆಯ ಕಪಾಟಿನಲ್ಲಿ ಉಂಟು. ಬೀಗದ ಕೈ ಎಲ್ಲಿ ಉಂಟೆಂದು ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಹಂದಿಗಳು ಮೊದಲಿನ ಹಾಗೆ ಬರುತ್ತಿಲ್ಲ. ಅಮ್ಮ ಗುರಿಯಿಡಬೇಕೆಂದೇನೂ ಇಲ್ಲ, ಆಕಾಶಕ್ಕೆ ಒಂದು ಹಾರಿಸಿ ಅಂಗಳದಲ್ಲಿ ನಿಂತು ಎರಡು ಮಾತಾಡಿದರೆ ಸಾಕು. ಹಂದಿಗಳು ಹೆಚ್ಚು ಹೆದರುವುದು ಯಾವುದಕ್ಕೆ ಎಂಬುದರಲ್ಲಿ ಮಾವನಿಗೂ ನನಗೂ ಭಿನ್ನಾಭಿಪ್ರಾಯ ಉಂಟು.

ಮೊನ್ನೆ ಬೆಂಗಳೂರಿನಿಂದ ಒಂದು ಗುಂಪು ಬಂದಿತ್ತು. ಗೇಟಿನ ಬಳಿ ನನ್ನ ಭಾಷಣ ಮುಗಿಯಿತು, ಈಗಲೂ ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಬ್ಬ ಯಜಮಾನರು ಕೈಯೆತ್ತಿ, "ಇಷ್ಟೊಂದು ಡೇಂಜರಸ್ ಅನಿಮಲ್ಸ್ ಇದಾವೆ ಅಂತೀರ, ನಿಮ್ಮತ್ರ ಗನ್ ಇರಲ್ವಾ?" ಎಂದು ಕೇಳಿದರು. ನಾನು ಕೋಲನ್ನು ನೆಲಕ್ಕೆ ಊರಿ, ದೂರದ ಗುಡ್ಡದ ಕಡೆ ನೋಡುತ್ತಾ, "ಇಲ್ಲ ಸಾರ್. ಪ್ರವಾಸಿಗರ ಸುರಕ್ಷತೆಯ ದೃಷ್ಟಿಯಿಂದ ನನಗೆ ಗನ್ ಕೊಡಬಾರದು ಅಂತ ಮೇಲಿನಿಂದ ಆದೇಶ ಉಂಟು" ಎಂದೆ. ಅವರು ಬಹಳ ಗಂಭೀರವಾಗಿ ತಲೆಯಾಡಿಸಿ, ಹೆಂಡತಿಯ ಕಡೆ ತಿರುಗಿ, "ನೋಡು, ಎಷ್ಟು ಸಿಸ್ಟಮ್ಯಾಟಿಕ್ ಆಗಿ ನಡೆಸ್ತಿದಾರೆ ಇಲ್ಲಿ" ಎಂದರು. ನಾನು ಅವರ ಮಾತನ್ನು ತಿದ್ದಲಿಲ್ಲ. ಅಷ್ಟು ದೊಡ್ಡ ಸತ್ಯವನ್ನು ಅಷ್ಟು ತಲೆಯೆತ್ತಿ ಹೇಳುವ ಅವಕಾಶ ನನಗೆ ಜೀವನದಲ್ಲಿ ಮತ್ತೆ ಸಿಗಲಿಕ್ಕಿಲ್ಲ.